ಎರಡು ಸಸ್ಪೆನ್ಷನ್ನಿನ ಬೈಸಿಕಲ್ಲು ನಮ್ಮ ಮುರಕಲ್ಲಿನ ದಾರಿಗೆ ಬೇಕೆ?

ಬೈಸಿಕಲ್ಲಿನ ಚಕ್ರವು ಕಲ್ಲೊಂದಕ್ಕೆ ತಾಗಿದಾಗ ಎರಡರಲ್ಲಿ ಒಂದು ನಡೆಯಬೇಕು. ಒಂದೋ ಚಕ್ರದೊಂದಿಗೆ ಸವಾರನೂ ಮೇಲಕ್ಕೆ ಚಿಮ್ಮಬೇಕು. ಇಲ್ಲವೇ ಚಕ್ರವೊಂದೇ ಮೇಲೇರಿ, ಕಲ್ಲನ್ನು ದಾಟಿ, ಪುನಃ ನೆಲಕ್ಕಿಳಿಯಬೇಕು. ಮೊದಲನೆಯದರ ಅನುಭವ ನಮಗೆಲ್ಲರಿಗೂ ಚೆನ್ನಾಗಿ ಉಂಟು. ಎರಡನೆಯದನ್ನು ಸಾಧಿಸುವುದಕ್ಕಾಗಿಯೇ ಮುಂದೆಯೂ ಹಿಂದೆಯೂ ಸಸ್ಪೆನ್ಷನ್ ಇರುವ ಮೌಂಟನ್ ಬೈಕನ್ನು ನಿರ್ಮಿಸಿದ್ದಾರೆ. ಆದರೆ ಅದರ ಬೆಲೆ, ಮಧ್ಯಮ ದರ್ಜೆಯದಾದರೂ, ಲಕ್ಷ ರೂಪಾಯಿಗಳನ್ನು ಸುಲಭವಾಗಿ ದಾಟುತ್ತದೆ. ಉಡುಪಿಯ ನಮ್ಮ ಪರಿಚಯದ ಕಾಲೇಜು ವಿದ್ಯಾರ್ಥಿಯೊಬ್ಬನು ಮೂರು ವರ್ಷಗಳಿಂದ ಕೂಡಿಟ್ಟ ಹಣವನ್ನೆಲ್ಲ ಅದಕ್ಕೆ ಸುರಿಯಲು ಹೊರಟು, "ಇದು ಸರಿಯೋ ತಪ್ಪೋ ನೀವೇ ಹೇಳಬೇಕು" ಎಂದು ನಮ್ಮಲ್ಲಿಗೆ ಬಂದನು. ಸವಾರಿ ಮಾಡದೆ ಹೇಳುವುದು ಹೇಗೆ? ಸ್ನೇಹಿತರೊಬ್ಬರಿಂದ ಅಂತಹ ಬೈಸಿಕಲ್ಲೊಂದನ್ನು ಎರವಲು ಪಡೆದು ಜನವರಿಯ ಒಣ ಹವೆಯಲ್ಲಿ ಪರೀಕ್ಷೆಗೆ ಹೊರಟೆವು. ಹೋಲಿಕೆಗಾಗಿ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ನಮ್ಮ ಹಳೆಯ ಬೈಸಿಕಲ್ಲೂ ಜೊತೆಗಿತ್ತು.

ಈ ಜಾತಿಯ ಬೈಸಿಕಲ್ಲಿನ ಚರಿತ್ರೆ ದೀರ್ಘವಾದುದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1976ರಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಬೈಸಿಕಲ್ಲುಗಳನ್ನು ಗುಡ್ಡದಿಂದ ಓಡಿಸುವ ಸ್ಪರ್ಧೆಯನ್ನು ಆರಂಭಿಸಿದರು. ಇಳಿಯುವಾಗ ಬ್ರೇಕಿನೊಳಗಿನ ಗ್ರೀಸು ಬೆಂದು ಹೊಗೆಯಾಗುತ್ತಿತ್ತಂತೆ. ಪ್ರತಿ ಸಲವೂ ಹೊಸತಾಗಿ ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರೇ ಬಂದಿತು. 1989ರ ಹೊತ್ತಿಗೆ ರಾಕ್‌ಶಾಕ್ಸ್ ಸಂಸ್ಥೆಯ ಸಸ್ಪೆನ್ಷನ್ ಫೋರ್ಕು ಮಾರುಕಟ್ಟೆಗೆ ಬಂದಿತು. 1996ರಲ್ಲಿ ಅಟ್ಲಾಂಟಾದ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕ್ ಸ್ಪರ್ಧೆಗೆ ಸ್ಥಾನ ದೊರೆಯಿತು.

ನಾವು ಪಡೆದ ಬೈಸಿಕಲ್ಲಿನ ತೂಕ 15.5 ಕಿಲೋಗ್ರಾಂ. ಹಿಂದಿನ ಚಕ್ರವು 130 ಮಿ.ಮೀ. ಮೇಲಕ್ಕೇರಬಲ್ಲದು, ಆಗ ಚೌಕಟ್ಟಿನ ಮಧ್ಯದಲ್ಲಿರುವ ಶಾಕ್ 50 ಮಿ.ಮೀ. ಕುಗ್ಗುತ್ತದೆ. ಎಂದರೆ ಶಾಕಿನ ಒಂದು ಮಿ.ಮೀ. ಚಲನೆಗೆ ಚಕ್ರದ 2.6 ಮಿ.ಮೀ. ಚಲನೆ. ಶಾಕಿನೊಳಗೆ ಲೋಹದ ಸುರುಳಿಯಿಲ್ಲ, ಅದುಮಿಟ್ಟ ಗಾಳಿಯಿದೆ. ಅದರ ಜೊತೆಗೆ ಸಣ್ಣ ರಂಧ್ರಗಳಲ್ಲಿ ನುಸುಳಿ ಹೋಗಬೇಕಾದ ಎಣ್ಣೆಯಿದೆ. ಶಾಕಿನ ದಂಡದ ಮೇಲೆ ರಬ್ಬರಿನ ಒಂದು ಪುಟ್ಟ ಬಳೆಯುಂಟು. ಶಾಕ್ ಎಷ್ಟು ಕುಗ್ಗಿತೋ ಅಲ್ಲಿಯವರೆಗೆ ಸರಿದು ಬಳೆಯು ಅಲ್ಲಿಯೇ ನಿಲ್ಲುತ್ತದೆ. ನಮ್ಮ ಪರೀಕ್ಷೆಗೆ ಬೇರೆ ಉಪಕರಣವೇ ಬೇಕಾಗಲಿಲ್ಲ.

ಮೊದಲು ಉಡುಪಿಯಲ್ಲಿ, ಮನೆಯಂಗಳದಲ್ಲಿಯೇ, ಸುಮ್ಮನೆ ಏರಿ ಕುಳಿತೆವು. ನಮ್ಮ ತೂಕ 66 ಕಿಲೋಗ್ರಾಂ. ಬಳೆಯು 15 ಮಿ.ಮೀ. ಸರಿಯುವಂತೆ ಗಾಳಿಯನ್ನು ಹೊಂದಿಸಿದೆವು. ಇದು ಒಟ್ಟು ಚಲನೆಯ ನೂರಕ್ಕೆ ಮೂವತ್ತು ಪಾಲು. ಟ್ರೇಲ್ ಸವಾರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣವೂ ಇದೇ. ಹೀಗೆ ಮೊದಲೇ ಕುಗ್ಗಿಸಿಡುವುದೇಕೆಂದರೆ, ದಾರಿಯಲ್ಲಿ ಗುಬ್ಬುಗಳಷ್ಟೇ ಅಲ್ಲ, ಕುಳಿಗಳೂ ಇರುತ್ತವೆ. ಕುಳಿ ಬಂದಾಗ ಚಕ್ರವು ಕೆಳಕ್ಕೂ ಇಳಿಯಬೇಕಷ್ಟೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಶಾಕಿನಲ್ಲಿ 15 ಮಿ.ಮೀ. ಎಂದರೆ ಚಕ್ರದಲ್ಲಿ 39 ಮಿ.ಮೀ. ಭಾರದಿಂದ ಇಷ್ಟು ಕುಗ್ಗಿದ ಸ್ಪ್ರಿಂಗು ತೂಗುವ ಅವಧಿಯು, ಅಷ್ಟೇ ಉದ್ದದ ಲೋಲಕವು ತೂಗುವ ಅವಧಿಗೆ ಸಮ. ಸೂತ್ರ ಎರಡಕ್ಕೂ ಒಂದೇ. 39 ಮಿ.ಮೀ. ಉದ್ದದ ಲೋಲಕಕ್ಕೆ ಒಂದು ತೂಗಿಗೆ ಸುಮಾರು 0.4 ಸೆಕೆಂಡು, ಅರ್ಥಾತ್ ಸೆಕೆಂಡಿಗೆ ಎರಡೂವರೆ ತೂಗು. ಗಾಳಿಯ ಸ್ಪ್ರಿಂಗು ಕುಗ್ಗಿದಂತೆ ಗಡುಸಾಗುವುದರಿಂದ ಲೆಕ್ಕವು ಅಂದಾಜಿನದು. ಆದರೂ ಈ ಎರಡೂವರೆ ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿರಿ.

ಮಣಿಪಾಲವು ಮುರಕಲ್ಲಿನ ಪದವಿನ ಮೇಲಿರುವ ಊರು. ಲಕ್ಷಾಂತರ ವರ್ಷಗಳ ಮಳೆ ಬಿಸಿಲುಗಳಿಗೆ ಸಿಕ್ಕಿದ ಶಿಲೆಯಿಂದ ಸಿಲಿಕವು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮುಗಳ ಆಕ್ಸೈಡುಗಳು ಉಳಿದು ಆದುದೇ ಮುರಕಲ್ಲು. ಕಣಿಯಲ್ಲಿ ಮೆತ್ತಗೆ, ಗಾಳಿಗೆ ಬಿದ್ದಮೇಲೆ ಗಟ್ಟಿ. ಫ್ರಾನ್ಸಿಸ್ ಬುಕನನ್ ಎಂಬಾತನು 1807ರಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಸವಾರನಿಗೆ ಮುಖ್ಯವಾದುದು ಹೆಸರಲ್ಲ, ಅದರ ಮೇಲ್ಮೈ: ಜೇನುಗೂಡಿನಂತೆ ತೂತು, ಅಂಚುಗಳು ಚೂಪು, ಮೇಲೆ ಉದುರಿದ ಉರುಟು ಹರಳು.

ಸ್ವರ್ಣಾ ನದಿಯ ಕಡೆಗೆ ಇಳಿಯುವ ಕಾಲುದಾರಿಯಲ್ಲಿ ಗಂಟೆಗೆ ಸುಮಾರು 18 ಕಿ.ಮೀ. ವೇಗದಲ್ಲಿ, ಎಂದರೆ ಸೆಕೆಂಡಿಗೆ 5 ಮೀಟರಿನಂತೆ ಇಳಿದೆವು. ಗುಬ್ಬುಗಳು ಒಂದರಿಂದೊಂದು ಗೇಣುದ್ದ ದೂರದಲ್ಲಿದ್ದವು; ಹಾಗಾದರೆ ಸೆಕೆಂಡಿಗೆ ಇಪ್ಪತ್ತಕ್ಕೂ ಮಿಕ್ಕಿ ಪೆಟ್ಟುಗಳು. ಸ್ಪ್ರಿಂಗಿನ ಸಹಜವಾದ ತೂಗಿಗಿಂತ ಎಷ್ಟೋ ಪಾಲು ಬೇಗನೆ ಬೀಳುವ ಈ ಪೆಟ್ಟುಗಳಿಗೆ ದೇಹವು ಸ್ಪಂದಿಸಲು ಸಮಯವೇ ಇಲ್ಲ. ಚಕ್ರವು ಕೆಳಗೆ ಕುಣಿಯುತ್ತದೆ, ಸವಾರನು ಮೇಲೆ ನೆಮ್ಮದಿಯಿಂದಿರುತ್ತಾನೆ. ಹಳೆಯ ಬೈಸಿಕಲ್ಲಿನಲ್ಲಿ ಇದೇ ದಾರಿ ಹಲ್ಲು ಕಟಕಟಿಸುವಂತಾಯಿತು. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಬ್ರೇಕಿನಲ್ಲಿ ಕಂಡಿತು. ಗಾಳಿಯಲ್ಲಿರುವ ಚಕ್ರವನ್ನು ಎಷ್ಟು ಹಿಡಿದರೂ ಬೈಸಿಕಲ್ಲು ನಿಲ್ಲುವುದಿಲ್ಲ. ನೆಲ ಬಿಡದ ಚಕ್ರ ಮಾತ್ರ ನಿಲ್ಲಿಸಬಲ್ಲದು.

ಆದರೆ ಏರುವಾಗ ಮಜವೆಲ್ಲ ಇಳಿಯಿತು. ನಿಮಿಷಕ್ಕೆ 75 ಸುತ್ತಿನಂತೆ ಪೆಡಲು ತುಳಿದರೆ, ಎರಡು ಕಾಲುಗಳಿಂದ 150 ತುಳಿತಗಳಾದುವು; ಸೆಕೆಂಡಿಗೆ ಎಷ್ಟು? ಎರಡೂವರೆ! ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ನೂಕಿದರೆ ಏನಾಗುವುದೆಂದು ಮಕ್ಕಳೂ ಬಲ್ಲರು. ಅಂತೆಯೇ ನಮ್ಮ ಕಾಲುಗಳೇ ಶಾಕನ್ನು ತೂಗಿಸತೊಡಗಿದವು. ಅನುನಾದವೆಂದು ಪಠ್ಯಪುಸ್ತಕದಲ್ಲಿ ಓದಿದುದು ಇಲ್ಲಿ ಜೀನಿನ ಕೆಳಗೆ ಪ್ರತ್ಯಕ್ಷವಾಯಿತು. ಎಣ್ಣೆಯ ತಡೆ ಇಲ್ಲದಿದ್ದರೆ ಇದು ಇನ್ನೂ ಹೆಚ್ಚುತ್ತಿತ್ತು. ಶಾಕನ್ನು ಬಿಗಿಗೊಳಿಸುವ ಸಣ್ಣ ಹಿಡಿಕೆಯೊಂದಿದೆ. ಅದನ್ನು ತಿರುಗಿಸಿದ ಮೇಲೆ ತೂಗಾಟ ಬಹುಮಟ್ಟಿಗೆ ನಿಂತಿತು. ಅದೇ ಏರನ್ನು ಎರಡು ಬೈಸಿಕಲ್ಲುಗಳಲ್ಲಿಯೂ ಸರದಿಯಂತೆ ನಾಲ್ಕು ನಾಲ್ಕು ಸಲ ಹತ್ತಿದೆವು. ಎರಡರ ನಡುವಿನ ವ್ಯತ್ಯಾಸಕ್ಕಿಂತ ನಮ್ಮ ಮೊದಲನೆಯ ಮತ್ತು ನಾಲ್ಕನೆಯ ಸಲದ ವ್ಯತ್ಯಾಸವೇ ದೊಡ್ಡದಾಗಿದ್ದಿತು. ಹಳೆಯದಕ್ಕಿಂತ ಮೂರು ಕಿಲೋ ಹೆಚ್ಚು ಭಾರವೆಂದರೂ, ಸವಾರನನ್ನು ಸೇರಿಸಿ ಲೆಕ್ಕ ಹಾಕಿದರೆ ನೂರಕ್ಕೆ ನಾಲ್ಕರಷ್ಟೇ. ಆದರೆ ತೋಡಿನ ಮೇಲಿನ ಕಾಲುಸಂಕವನ್ನು ಬೈಸಿಕಲ್ಲು ಹೊತ್ತು ದಾಟುವಾಗ ಆ ಮೂರು ಕಿಲೋ ಮೂರೇ ಕಿಲೋ ಎನ್ನಿಸಲಿಲ್ಲ.

ಕಾಪುವಿನಲ್ಲಿ ಹೇಳುವಂತಹುದು ಹೆಚ್ಚಿಲ್ಲ. 1901ರಲ್ಲಿ ಕಟ್ಟಿದ ದೀಪಸ್ತಂಭವಿರುವ ಬಂಡೆಯ ಆಸುಪಾಸಿನ ಮರಳಿನಲ್ಲಿ ಒಂದು ಮುಂಜಾನೆ ಸವಾರಿ ಮಾಡಿದೆವು. ಬಳೆಯು ಇದ್ದಲ್ಲಿಂದ ಅಲುಗಲಿಲ್ಲವೆಂದರೂ ಸಲ್ಲುತ್ತದೆ. ಮರಳಿನಲ್ಲಿ ಕೆಲಸ ಮಾಡುವುದು ಟೈರು. ಹಿಂದಿನ ಚಕ್ರದ ಮೇಲೆ 100 ಪೌಂಡು ಭಾರವಿದೆಯೆನ್ನೋಣ. ಚದರ ಅಂಗುಲಕ್ಕೆ 28 ಪೌಂಡಿನ ಒತ್ತಡವಿದ್ದರೆ ಟೈರು ನೆಲವನ್ನು ಸುಮಾರು ಮೂರೂವರೆ ಚದರ ಅಂಗುಲದಷ್ಟು ಮುಟ್ಟುತ್ತದೆ. ಒತ್ತಡವನ್ನು 18ಕ್ಕೆ ಇಳಿಸಿದರೆ ಐದೂವರೆ. ಗಾಳಿ ಬಿಟ್ಟ ನಮ್ಮ ಹಳೆಯ ಬೈಸಿಕಲ್ಲು, ಗಾಳಿ ಬಿಡದ ಹೊಸದನ್ನು ಹಿಂದೆ ಹಾಕಿತು. ಮನೆಗೆ ಬಂದು ಉಪ್ಪಿನ ತೇವವನ್ನು ಕೀಲು ಕೀಲುಗಳಿಂದ ಒರಸುವಾಗ, ಈ ಯಂತ್ರಕ್ಕೆ ಕೀಲುಗಳು ಎಷ್ಟೊಂದು ಎಂಬುದೂ ತಿಳಿಯಿತು.

ಕಾರ್ಕಳಕ್ಕೆ ಬೈಸಿಕಲ್ಲುಗಳನ್ನು ಪಿಕಪ್ಪಿನಲ್ಲಿ ಒಯ್ದೆವು. ಇಲ್ಲಿ ನೆಲವೇ ಬೇರೆ: ಮುರಕಲ್ಲಿನ ತೂತುಗಳ ಬದಲು, ಆನೆಯ ಬೆನ್ನಿನಂತಹ ಕರಿಯ ಪಾದೆಕಲ್ಲುಗಳು. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಗೊಮ್ಮಟನು ಇಂತಹ ಏಕಶಿಲೆಯಿಂದಲೇ ಮೂಡಿದವನು. ಆ ಬೆಟ್ಟವನ್ನು ನಡೆದು ಹತ್ತಿ ಕೈಮುಗಿದು ಬಂದೆವು. ಸ್ಮಾರಕದ ಮೆಟ್ಟಿಲುಗಳು ಬೈಸಿಕಲ್ಲಿನ ಪರೀಕ್ಷೆಗೆ ಇರುವುದಲ್ಲ. ಸವಾರಿ ನಡೆದುದು ದೂರದ ಹಳ್ಳಿದಾರಿಯೊಂದರಲ್ಲಿ. ಮೊಣಕಾಲೆತ್ತರದ ಮೊದಲ ಪಾದೆಯಿಂದ ಇಳಿದೊಡನೆ ಶಾಕ್ ಕುಗ್ಗಿ, ಕವಣೆಯಂತೆ ಮರಳಿ ಚಿಮ್ಮಿ, ನಮ್ಮನ್ನು ಕಾಡುಬಳ್ಳಿಗಳ ಮೇಲೆ ಎಸೆಯಿತು. ತಪ್ಪು ನಮ್ಮದೇ. ಮರುಚಿಮ್ಮುವ ವೇಗವನ್ನು ನಿಯಂತ್ರಿಸುವ ತಿರುಪನ್ನು ಪೂರ್ತಿ ಸಡಿಲಿಸಿಟ್ಟಿದ್ದೆವು. ಸ್ಪ್ರಿಂಗು ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸುತ್ತದೆ. ಅದನ್ನು ಶಾಖವಾಗಿಸಿ ಕಳೆಯುವುದು ಎಣ್ಣೆಯ ಕೆಲಸ. ಮಂಡಿಯ ರಕ್ತ ಒರಸಿಕೊಂಡು, ತಿರುಪನ್ನು ಆರು ಹಲ್ಲು ಬಿಗಿಮಾಡಿ ಪುನಃ ಇಳಿದೆವು. ಈಗ ಬೈಸಿಕಲ್ಲು ಪಾದೆಗೆ ಅಂಟಿಕೊಂಡೇ ಇಳಿಯಿತು. ಬಳೆಯು 46 ಮಿ.ಮೀ.ಗೆ ಸರಿದಿತ್ತು, ಶಾಕನ್ನು ಮುಟ್ಟಿದರೆ ಬೆಚ್ಚಗಿತ್ತು. ಹಳೆಯ ಬೈಸಿಕಲ್ಲನ್ನು ಅದೇ ಪಾದೆಯ ಮೇಲೆ ನಾವು ನಡೆಸಿಕೊಂಡೇ ಇಳಿಸಿದೆವು.

ನಮ್ಮ ವಿದ್ಯಾರ್ಥಿಗೆ ನಾವು ಹೇಳಿದುದು ಇಷ್ಟು. ದಿನವೂ ಉಡುಪಿಯಿಂದ ಮಣಿಪಾಲಕ್ಕೆ, ವಾರಕ್ಕೊಮ್ಮೆ ಗುಡ್ಡೆಯ ದಾರಿಗೆ ಹೋಗುವವನಿಗೆ, ಮುಂದೊಂದು ಒಳ್ಳೆಯ ಫೋರ್ಕು, ಅಗಲವಾದ ಟೈರು, ನಂಬಿಕೆಯ ಡಿಸ್ಕ್ ಬ್ರೇಕು ಇರುವ ಬೈಸಿಕಲ್ಲು ಸಾಕು; ಬೆಲೆಯೂ ಬಹಳ ಕಡಿಮೆ. ನಮ್ಮ ಜಿಲ್ಲೆಯ ಮಳೆಯಾದರೋ ವರ್ಷಕ್ಕೆ ಸುಮಾರು 4,000 ಮಿ.ಮೀ.; ಅರೆಗಲ್ಲಿನ ಹುಡಿಯಂತಿರುವ ಕೆಂಪು ರಾಡಿಯು ಕೀಲುಗಳನ್ನು ತಿನ್ನುವುದು ನಿಶ್ಚಯ. ಫೋರ್ಕಿನ ಎಣ್ಣೆಯನ್ನಂತೂ ಸುಮಾರು ಐವತ್ತು ಗಂಟೆಗಳ ಸವಾರಿಗೊಮ್ಮೆ ಬದಲಿಸಬೇಕೆಂದು ತಯಾರಕರೇ ಹೇಳುತ್ತಾರೆ. ಪಾದೆಕಲ್ಲುಗಳನ್ನು ಇಳಿಯುವುದೇ ಗುರಿಯಾದರೆ ಮಾತ್ರ ಆ ಎರಡನೆಯ ಶಾಕಿಗೆ ಹಣ ಕೊಡುವುದು ನ್ಯಾಯ.

ಅವನು ಎಲ್ಲವನ್ನೂ ಗಮನವಿಟ್ಟು ಕೇಳಿದನು, ಲೋಲಕದ ಲೆಕ್ಕವನ್ನು ಎರಡು ಸಲ ಮಾಡಿಸಿಕೊಂಡನು. ಬಳಿಕ, ಬೈಸಿಕಲ್ಲನ್ನು ಸ್ನೇಹಿತರಿಗೆ ಹಿಂದಿರುಗಿಸಲು ಇನ್ನೊಂದು ಭಾನುವಾರ ಉಳಿದಿದೆಯಲ್ಲವೆ ಎಂದು ಕೇಳಿ, ಕಾರ್ಕಳದ ಆ ಪಾದೆಗೆ ಹೋಗುವ ದಾರಿಯನ್ನು ಬರೆದುಕೊಂಡನು.