ಕುದಿಯುವ ಟ್ರ್ಯಾಕ್ಟರು: ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ?

ಮಂಡ್ಯ: ಕಬ್ಬು ಕಟಾವಿನ ಕಾಲದಲ್ಲಿ ಮದ್ದೂರು–ಮಳವಳ್ಳಿ ರಸ್ತೆಯಲ್ಲಿ ಬಸ್ಸು ಹತ್ತುವವರಿಗೆಲ್ಲ ಗೊತ್ತಿರುವ ದೃಶ್ಯವಿದು. ಏರಿನಲ್ಲಿ ಕಬ್ಬು ಹೇರಿದ ಟ್ರೈಲರ್ ನಿಂತುಬಿಟ್ಟಿದೆ. ಮುಂದೆ ಹಳೇ ಟ್ರ್ಯಾಕ್ಟರು ಬುಸುಬುಸು ಹಬೆ ಬಿಡುತ್ತಿದೆ. ಹಿಂದೆ ಬಸ್ಸಿನ ಹಾರ್ನು, ಬೈಗುಳ. ‘ಇಂಥ ಡಕೋಟ ಗಾಡೀನೆಲ್ಲ ರೋಡಿಗೆ ಯಾಕ್ ತರ್ತಾರೋ!’

ಗಾಡಿಯ ಯಜಮಾನನ ಹೊಟ್ಟೆಯೊಳಗಿನ ಕುದಿತ ಮಾತ್ರ ಯಾರಿಗೂ ಕಾಣುವುದಿಲ್ಲ. ಕಡಿದ ಕಬ್ಬು ದಿನ ಕಳೆದಂತೆ ಒಣಗಿ ತೂಕ ಇಳಿಯುತ್ತದೆ. ಕಡಿದ ಆಳುಗಳಿಗೆ ಕೂಲಿ ಬಟವಾಡೆ ಆಗಬೇಕು. ‘ಕಬ್ಬಿನ ದುಡ್ಡು ಬಂದ ಮೇಲೆ ಕೊಡ್ತೀನಿ’ ಎಂದು ಪೇಟೆ ಅಂಗಡಿಯಲ್ಲಿ ಬರೆಸಿದ ಸಾಲ ಬೇರೆ. ಟ್ರ್ಯಾಕ್ಟರು ನಿಂತರೆ ಅಂಗಡಿಯ ಲೆಕ್ಕದ ಪುಸ್ತಕವೂ ನಿಂತಂತೆಯೇ!

‘ಯಾವ ನೀರು ಹುಯ್ತೀಯಪ್ಪ?’

ಇಂಥ ಒಬ್ಬ ರೈತನಿಗೆ ಮೊದಲು ಸಿಕ್ಕ ಸಲಹೆ ಎಂಥದ್ದು? ‘ಹೆಡ್ ಹೋಗೈತೆ. ಎಂಜಿನ್ ಬಿಚ್ಚಬೇಕು, ಬೋರ್ ಮಾಡಿಸಬೇಕು.’ ಅಂದರೆ ಹತ್ತಾರು ಸಾವಿರದ ಲೆಕ್ಕ. ಮನೆಯಾಕೆಯ ಓಲೆ ಅಡವಿಡುವ ಮಾತೂ ಆಯಿತು. ಅಷ್ಟರಲ್ಲಿ ಊರಿನ ಹಳೇ ಮೆಕ್ಯಾನಿಕ್ ಒಬ್ಬರು ಬಂದರು. ಪಾನ ಮುಟ್ಟುವ ಮೊದಲೇ ಅವರು ಕೇಳಿದ್ದು ಒಂದೇ ಪ್ರಶ್ನೆ.

‘ಯಾವ ನೀರು ಹುಯ್ತೀಯಪ್ಪ?’

‘ಬೋರ್ ನೀರು ಕಣಣ್ಣ.’

‘ನಿಮ್ಮನೆ ಹಂಡೆ ಒಳಗಡೆ ಒಂದ್ಸಲ ನೋಡು. ಈ ಗಾಡಿ ಹೊಟ್ಟೇಲೂ ಅದೇ ಐತೆ.’

ಬೋರ್‌ವೆಲ್ಲಿನ ಗಡಸು ನೀರು ಕಾದು ಕಾದು ಬಚ್ಚಲುಮನೆ ಹಂಡೆಯೊಳಗೆ ಬಿಳಿ ಸುಣ್ಣದ ಪೊರೆ ಕಟ್ಟುವುದು ಹೆಂಗಸರಿಗೆಲ್ಲ ಗೊತ್ತು. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಎಂಜಿನ್ನಿನ ಒಳಗೋಡೆಯಲ್ಲೂ ಕಟ್ಟುವುದು ಅದೇ ಪೊರೆ. ಉರಿದ ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಈ ನೀರೇ ಹೊತ್ತು ಹೊರಹಾಕಬೇಕು. ದಾರಿ ಕಟ್ಟಿಕೊಂಡರೆ ಶಾಖ ಹೋಗುವುದೆಲ್ಲಿಗೆ?

ಹೊರಗಿನಿಂದ ಒಳಕ್ಕೆ

ಹಳೇ ಮೆಕ್ಯಾನಿಕ್ಕರ ಕ್ರಮ ಸರಳ. ಖರ್ಚಿಲ್ಲದ್ದನ್ನು ಮೊದಲು ನೋಡು, ಖರ್ಚಿನದ್ದನ್ನು ಕೊನೆಗೆ.

ಮೊದಲು ರೇಡಿಯೇಟರಿನ ಹೊರಮೈ. ಒಕ್ಕಣೆಯ ಹೊಟ್ಟು, ಕಬ್ಬಿನ ರವದಿ, ಧೂಳು ಜಾಲರಿಗೆ ಮೆತ್ತಿಕೊಂಡರೆ ಗಾಳಿ ಒಳಗೆ ನುಗ್ಗುವುದಿಲ್ಲ. ಎಂಜಿನ್ನಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಜೋರಾಗಿ ಹೊಡೆದರೆ ತೆಳು ರೆಕ್ಕೆಗಳು ಮಡಚಿ ಇನ್ನಷ್ಟು ಕೆಡುತ್ತದೆ.

ಎರಡನೆಯದು ಫ್ಯಾನ್ ಬೆಲ್ಟು. ಎಂಜಿನ್ ನಿಲ್ಲಿಸಿ ಬೆಲ್ಟಿನ ನಡುಮಧ್ಯೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು. ಅದಕ್ಕಿಂತ ಜಾಸ್ತಿ ಬಗ್ಗಿದರೆ, ಒಳಮೈ ಗಾಜಿನಂತೆ ನುಣುಪಾಗಿದ್ದರೆ, ಬೆಲ್ಟು ಜಾರುತ್ತಿದೆ ಎಂದೇ ಅರ್ಥ. ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟಾದ್ದರಿಂದ ಗಾಳಿ, ನೀರು ಎರಡೂ ಕಡಿಮೆಯಾಗುತ್ತವೆ.

ಮೂರನೆಯದು ಪೈಪು. ಕೆಳಗಿನ ಹೋಸ್ ಪೈಪು ಹಳತಾಗಿ ಮೆತ್ತಗಾಗಿದ್ದರೆ, ಎಂಜಿನ್ ಜೋರು ಮಾಡಿದಾಗ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗುತ್ತದೆ. ನಿಂತಾಗ ಮತ್ತೆ ಗುಂಡಗೆ! ಕಳ್ಳ ಸಿಗುವುದೇ ಇಲ್ಲ.

ಆಮೇಲೆ ಥರ್ಮೋಸ್ಟಾಟ್. ದಾರದಲ್ಲಿ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆ ಮೇಲಿಟ್ಟರೆ ಸುಮಾರು 80 ಡಿಗ್ರಿಗೆ ಬಾಯಿ ಬಿಡಬೇಕು. ನೀರು ಕುದಿದರೂ ಬಿಡದಿದ್ದರೆ ಅದು ಕೆಟ್ಟಿದೆ. ‘ಕಿತ್ತು ಬಿಸಾಕು’ ಎನ್ನುವವರೂ ಉಂಟು. ಅದು ಇಲ್ಲದ ಎಂಜಿನ್ ತಣ್ಣಗೇ ಓಡಿ ಬೇಗ ಸವೆಯುತ್ತದೆ.

ಎಂಜಿನ್ ಬಿಚ್ಚಲೇಬೇಕಾದ ಹೊತ್ತೂ ಬರುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನೇ ಅನುಮಾನಿಸಬೇಕು.

ಮುಚ್ಚಳ ಮುಟ್ಟಬೇಡಿ

ದುಡ್ಡಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಮುಚ್ಚಳ ಹಾಕಿದ ರೇಡಿಯೇಟರಿನಲ್ಲಿ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಭುಗ್ಗೆಂದು ಮುಖಕ್ಕೇ ಎರಚುತ್ತದೆ. ಅರ್ಧ ಗಂಟೆಯಾದರೂ ಕಾದು, ಗೋಣಿಚೀಲ ಹೊದಿಸಿ, ಮುಖ ಆಚೆ ತಿರುಗಿಸಿ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಕೆಂಡದಂತಿರುವ ಎಂಜಿನ್ನಿಗೆ ಕೊಡದಿಂದ ತಣ್ಣೀರು ಸುರಿದರೆ ಹೆಡ್ ಸೀಳುತ್ತದೆ. ಆಗ ಬರುವ ಖರ್ಚು ಗಾಡಿಯದಲ್ಲ, ಆತುರದ್ದು!

ಹಳೇ ಗಾಡಿಗಳಿಗೆ ಈ ಎಚ್ಚರ ಹೆಚ್ಚು ಬೇಕು. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. 1971ರಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ಜೆಟರ್ ಸಹಯೋಗದಲ್ಲಿ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರು ಮಾಡತೊಡಗಿತು. 2016ರಲ್ಲಿ ಆ ವಿಭಾಗವನ್ನೇ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಅಂಥ ಗಾಡಿಯ ಎಂಜಿನ್ ಸೀಳಿದರೆ ಕಂಪನಿಯ ಬಾಗಿಲು ತಟ್ಟುವಂತಿಲ್ಲ. 1959ರಲ್ಲಿ ಫರೀದಾಬಾದಿನಿಂದ ಮೊದಲ ಸ್ವದೇಶಿ ಟ್ರ್ಯಾಕ್ಟರು ತಂದ ಐಷರ್‌ನ ಹಳೇ ಒಂಟಿ ಸಿಲಿಂಡರಿನ ಗಾಡಿಗಳಿಗಂತೂ ರೇಡಿಯೇಟರೇ ಇಲ್ಲ. ಗಾಳಿಯೇ ಅವಕ್ಕೆ ನೀರು. ಎಂಜಿನ್ನಿನ ರೆಕ್ಕೆಗಳ ಕೆಸರು ಕೆರೆದರೆ ಅರ್ಧ ರೋಗ ವಾಸಿ.

ಆ ರೈತನ ಕಥೆ ಏನಾಯಿತು? ರೇಡಿಯೇಟರ್ ಬಿಚ್ಚಿ ಕೊಳವೆಗಳ ಸುಣ್ಣ ತೆಗೆಸಿದರು. ಸವೆದ ಬೆಲ್ಟು ಬದಲಾಯಿತು. ಎಂಜಿನ್ನಿನ ಒಂದು ಬೋಲ್ಟನ್ನೂ ಸಡಿಲಿಸಲಿಲ್ಲ. ಮಾರನೇ ದಿನವೇ ಅದೇ ಏರನ್ನು ಗಾಡಿ ಕಬ್ಬು ಹೇರಿಕೊಂಡೇ ಹತ್ತಿತು. ಈಗ ಅದಕ್ಕೆ ಹುಯ್ಯುವುದು ಸೋಸಿದ ಮಳೆನೀರು, ಜೊತೆಗೆ ಕೂಲೆಂಟ್.

ಮನೆಯಾಕೆಯ ಓಲೆ ಕಿವಿಯಲ್ಲೇ ಉಳಿಯಿತು.