ಕ್ರೈಸ್ತದೃಷ್ಟಿಯಲ್ಲಿ ದೇಹಸೌಂದರ್ಯ: ‘ಆದರೂ’ ಎಂಬ ಒಂದು ಮಾತಿನ ವಿಚಾರ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಎರೆಯ ಭೂಮಿಗೆ ಇರುವ ಮನ್ನಣೆಯು ಎಲ್ಲರಿಗೂ ತಿಳಿದುದೇ ಆಗಿದೆ. ಬಿಳಿಜೋಳಕ್ಕೂ ಹತ್ತಿಗೂ ಈ ಕರಿಯ ನೆಲವೇ ತವರು. ಮಣ್ಣು ಕಪ್ಪಾದಷ್ಟೂ ಒಕ್ಕಲಿಗನಿಗೆ ಹೆಮ್ಮೆ. ಆದರೆ ಇದೇ ಸೀಮೆಯ ಮುಶಿಗೇರಿಯಂಥ ಗ್ರಾಮಗಳಲ್ಲಿ ಹೆಣ್ಣು ನೋಡಲು ಬಂದವರ ಬಾಯಲ್ಲಿ “ಹುಡುಗಿ ಕಪ್ಪಿದ್ದರೂ ಲಕ್ಷಣಾಗ್ಯಾಳ” ಎಂಬ ಮಾತು ಸಹಜವಾಗಿ ಬರುತ್ತದೆ. ಆಡುವವರು ಇದನ್ನು ಹೊಗಳಿಕೆಯೆಂದೇ ಆಡುತ್ತಾರೆ. ಕೇಳಿದ ಹುಡುಗಿಯ ಮನಸ್ಸಿನಲ್ಲಿ ಮಾತ್ರ ಆ ‘ಇದ್ದರೂ’ ಎಂಬುದೊಂದೇ ಉಳಿಯುತ್ತದೆ. ಕಪ್ಪು ಒಂದು ಕೊರತೆ, ಚೆಲುವು ಆ ಕೊರತೆಯನ್ನು ಮೀರಿ ಬಂದದ್ದು ಎಂಬ ತೀರ್ಪು ಆ ಒಂದು ಕ್ರಿಯಾರೂಪದಲ್ಲಿಯೇ ಅಡಗಿದೆ. ಇದೇ ರೂಪವು ಕ್ರೈಸ್ತ ವೇದಗ್ರಂಥದ ಭಾಷಾಂತರಗಳ ಚರಿತ್ರೆಯಲ್ಲಿಯೂ ಒಂದು ದೊಡ್ಡ ಚರ್ಚೆಗೆ ಎಡೆಮಾಡಿದೆ. ಅದನ್ನು ಆಧಾರವಾಗಿಟ್ಟುಕೊಂಡು ದೇಹಸೌಂದರ್ಯದ ವಿಷಯದಲ್ಲಿ ಕ್ರೈಸ್ತದೃಷ್ಟಿಯು ಯಾವುದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸಲಾಗುವುದು.

ಹಳೆಯ ಒಡಂಬಡಿಕೆಯ ಪರಮಗೀತೆಯ 1ನೆಯ ಅಧ್ಯಾಯದ 5ನೆಯ ವಚನದಲ್ಲಿ ನಾಯಿಕೆಯು ಯೆರೂಸಲೇಮಿನ ಸ್ತ್ರೀಯರ ಮುಂದೆ ತನ್ನ ಕಪ್ಪನ್ನೂ ಚೆಲುವನ್ನೂ ಒಟ್ಟಿಗೆ ಹೇಳಿಕೊಳ್ಳುತ್ತಾಳೆ. ಹೀಬ್ರೂ ಮೂಲದಲ್ಲಿ ಈ ಎರಡು ಪದಗಳನ್ನು ಜೋಡಿಸಿರುವುದು ‘ವ’ ಎಂಬ ಒಂದೇ ಅವ್ಯಯ. ಅದಕ್ಕೆ ‘ಮತ್ತು’ ಎಂಬುದೇ ಸಾಮಾನ್ಯಾರ್ಥ. ಸಂದರ್ಭಾನುಸಾರವಾಗಿ ‘ಆದರೆ’ ಎಂದೂ ಆಗಬಹುದು. ಗ್ರೀಕ್ ಭಾಷಾಂತರವಾದ ಸಪ್ತತಿಯು ‘ಮತ್ತು’ ಎಂಬರ್ಥದ ‘ಕೈ’ ಶಬ್ದವನ್ನು ಬಳಸಿತು. ಜೆರೋಮನ ಹೆಸರಿನೊಡನೆ ಪ್ರಸಿದ್ಧವಾದ ಲ್ಯಾಟಿನ್ ವುಲ್ಗಾತವು ‘ಆದರೆ’ ಎಂಬರ್ಥದ ‘ಸೆದ್’ ಶಬ್ದವನ್ನು ಆರಿಸಿತು. 1611ರ ಇಂಗ್ಲಿಷ್ ಭಾಷಾಂತರವೂ ಲ್ಯಾಟಿನಿನ ಜಾಡಿನಲ್ಲಿಯೇ ನಡೆಯಿತು. 1989ರ ಪರಿಷ್ಕೃತ ಇಂಗ್ಲಿಷ್ ಆವೃತ್ತಿಯೊಂದು ‘ಮತ್ತು’ ಎಂಬುದಕ್ಕೆ ಮರಳಿತು. ಒಂದು ಪುಟ್ಟ ಅವ್ಯಯದಲ್ಲಿ ಶತಮಾನಗಳ ವರ್ಣಭಾವನೆಯು ಹೇಗೆ ಮನೆಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗದು.

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕು. ಮುಂದಿನ ವಚನದಲ್ಲಿ ಅವಳು ತನ್ನ ಕಪ್ಪನ್ನು ದಿಟ್ಟಿಸಿ ನೋಡಬೇಡಿರೆಂದು ಕೇಳಿಕೊಳ್ಳುವುದರಿಂದ ‘ಆದರೂ’ ಎಂಬ ಅರ್ಥವೇ ಸಾಧುವೆಂದು ಕೆಲವರು ವಾದಿಸಬಹುದು. ಆದರೆ ಆ ಬೇಡಿಕೆಯಿಂದ ಸಿದ್ಧವಾಗುವುದು ನೋಡುವವರ ಕಣ್ಣಿನಲ್ಲಿ ತಾತ್ಸಾರವಿದ್ದಿತೆಂಬುದಷ್ಟೆ. ಅವಳು ಅದನ್ನು ಒಪ್ಪಿಕೊಂಡಳೆಂಬುದು ಸಿದ್ಧವಾಗುವುದಿಲ್ಲ. ‘ಆದರೂ’ ಎಂಬುದು ನೋಟಕರ ಮಾತು, ಅವಳದಲ್ಲ. ಅವಳು ಕಾರಣವನ್ನೂ ಹೇಳಿದ್ದಾಳೆ: ಅಣ್ಣತಮ್ಮಂದಿರು ಅವಳನ್ನು ದ್ರಾಕ್ಷಿಯ ತೋಟಗಳ ಕಾವಲಿಗೆ ಇಟ್ಟರು, ಬಿಸಿಲು ಅವಳನ್ನು ಸುಟ್ಟಿತು. ಅಂದಮೇಲೆ ಆ ಕಪ್ಪು ದುಡಿಮೆಯ ಗುರುತು. ಹತ್ತಿ ಬಿಡಿಸುತ್ತ, ಜೋಳದ ಹೊಲದಲ್ಲಿ ಕಳೆ ತೆಗೆಯುತ್ತ ಬೇಸಗೆ ಚಳಿಗಳನ್ನು ಕಳೆಯುವ ನಮ್ಮ ಹೆಣ್ಣುಮಕ್ಕಳಿಗೆ ಇದರ ವ್ಯಾಖ್ಯಾನವನ್ನು ಬೇರೆಯವರು ಹೇಳಿಕೊಡಬೇಕಾದುದಿಲ್ಲ. ಅವಳು ತನ್ನನ್ನು ಹೋಲಿಸಿಕೊಳ್ಳುವ ಕೇದಾರಿನ ಗುಡಾರಗಳು ಆಡಿನ ಕೂದಲಿನಿಂದ ನೇಯ್ದ ಕರಿಯ ಗುಡಾರಗಳೆಂದು ವಿದ್ವಾಂಸರು ಹೇಳುತ್ತಾರೆ. ಕರಿಯ ಕಂಬಳಿಯನ್ನು ಗದ್ದುಗೆಗೆ ಹಾಸಿ ಪೂಜಿಸುವ ನಾಡಿನವರು ಈ ಹೋಲಿಕೆಯಲ್ಲಿ ಹೀನತೆಯನ್ನು ಕಾಣಲು ಕಾರಣವಿಲ್ಲ.

ಹಾಗಾದರೆ ವೇದಗ್ರಂಥವು ದೇಹದ ಚೆಲುವನ್ನು ತಿರಸ್ಕರಿಸುತ್ತದೆಯೆ? ಹಾಗೆ ತಿಳಿಯುವುದು ತಪ್ಪಾಗುತ್ತದೆ. ಸಾರಾ, ರಾಹೇಲ, ಎಸ್ತೇರ ಇವರ ಚೆಲುವನ್ನು ಅದು ಸಂಕೋಚವಿಲ್ಲದೆ ಹೇಳುತ್ತದೆ. ಸಮುವೇಲನ ಮೊದಲನೆಯ ಗ್ರಂಥದ 16ನೆಯ ಅಧ್ಯಾಯವು ಈ ದೃಷ್ಟಿಯಿಂದ ಬಹು ಮುಖ್ಯವಾದುದು. ಎಲೀಯಾಬನ ಎತ್ತರವನ್ನು ಕಂಡು ಇವನೇ ಅರಸನೆಂದು ಪ್ರವಾದಿಯು ಭಾವಿಸಿದಾಗ, ಮನುಷ್ಯನ ನೋಟವು ಹೊರಗಣ್ಣಿನದೆಂದೂ ದೇವರ ನೋಟವು ಹೃದಯದ್ದೆಂದೂ ಅವನಿಗೆ ತಿಳಿವಳಿಕೆ ಬರುತ್ತದೆ. ಕೆಲವೇ ವಚನಗಳ ಮುಂದೆ, ಆಯ್ಕೆಯಾದ ದಾವೀದನ ಕಣ್ಣುಗಳು ಸುಂದರವಾಗಿದ್ದುವೆಂಬ ವರ್ಣನೆಯೂ ಇದೆ. ಚೆಲುವು ಆಯ್ಕೆಗೆ ಕಾರಣವಲ್ಲ, ಅಡ್ಡಿಯೂ ಅಲ್ಲ. ಅದನ್ನು ಅಳತೆಗೋಲಾಗಿ ಮಾಡಿಕೊಂಡಾಗ ಮಾತ್ರ ದೋಷ. ಅಡಿಯಿಂದ ಮುಡಿಯವರೆಗೆ ಕುಂದಿಲ್ಲದವನೆನಿಸಿಕೊಂಡು, ಕತ್ತರಿಸಿದ ಕೂದಲನ್ನು ತೂಗಿಸುತ್ತಿದ್ದ ಅಬ್ಷಾಲೋಮನ ದುರಂತವು ಈ ಮಾತಿಗೆ ಸಾಕ್ಷಿಯಾಗಿದೆ.

ಇದರ ತಾತ್ತ್ವಿಕ ಮೂಲವು ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿದೆ. ಮನುಷ್ಯನು, ಗಂಡಾಗಿಯೂ ಹೆಣ್ಣಾಗಿಯೂ, ದೇವರ ಪ್ರತಿರೂಪವಾಗಿ ಉಂಟಾದನೆಂದು ಅಲ್ಲಿ ಹೇಳಿದೆ. ಮೂಲದ ‘ತ್ಸೆಲೆಮ್’ ಶಬ್ದಕ್ಕೆ ಪ್ರತಿಮೆ ಎಂಬ ಅರ್ಥವೂ ಉಂಟು. ಕನ್ನಡ ಬೈಬಲಿನಲ್ಲಿ ‘ಸ್ವರೂಪ’ ಎಂಬ ಪದವು ಬಳಕೆಯಾಗಿದೆ. ಸುರೂಪ, ಕುರೂಪಗಳಲ್ಲಿ ಹೆಚ್ಚುಕಡಮೆಯುಂಟು, ಸ್ವರೂಪದಲ್ಲಿ ಹೆಚ್ಚುಕಡಮೆಯಿಲ್ಲ. ಆದುದರಿಂದ ತನ್ನನ್ನು ತಾನು ಹೇಗೆ ಕಾಣಬೇಕೆಂಬ ಪ್ರಶ್ನೆಗೆ ಕ್ರೈಸ್ತಮತದ ಉತ್ತರವು ಕನ್ನಡಿಯಿಂದ ಆರಂಭವಾಗುವುದಿಲ್ಲ. ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯವು ಇದರಿಂದ ನಾಲಗೆಗೂ ಒಂದು ಕಟ್ಟಳೆಯನ್ನು ಮಾಡಿತು: ದೇವರನ್ನು ಕೊಂಡಾಡುವ ನಾಲಗೆಯೇ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುವುದು ಅಸಂಗತವೆಂದು. ಸಿಡುಬಿನ ಕಲೆಯ ಮುಖವನ್ನು ಹಾಸ್ಯಮಾಡುವ ಅಡ್ಡಹೆಸರುಗಳೂ ಈ ಕಟ್ಟಳೆಯೊಳಗೆ ಬರುತ್ತವೆಂದು ನನಗೆ ತೋರುತ್ತದೆ.

ಯೇಸುವಿನ ರೂಪವನ್ನು ನಾಲ್ಕು ಸುವಾರ್ತೆಗಳೂ ವರ್ಣಿಸಿಲ್ಲ. ಯೆಶಾಯನ 53ನೆಯ ಅಧ್ಯಾಯದ ಸೇವಕನಲ್ಲಿ ನೋಡುವಂಥ ಅಂದವಿರಲಿಲ್ಲವೆಂಬ ಮಾತನ್ನು ಆಧರಿಸಿ ಕ್ಲೆಮೆಂತ, ತೆರ್ತುಲ್ಲಿಯಾನರು ಕ್ರಿಸ್ತನು ರೂಪಹೀನನಾಗಿದ್ದನೆಂದರು. 45ನೆಯ ಕೀರ್ತನೆಯನ್ನು ಆಧರಿಸಿ ಜೆರೋಮ, ಕ್ರಿಸೊಸ್ತೊಮರು ಸುಂದರನೆಂದರು. ಆಗಸ್ಟೀನನು ಎರಡನ್ನೂ ಕೂಡಿಸಿ, ಶಿಲುಬೆಯ ಮೇಲಿನ ವಿಕಾರದಲ್ಲಿಯೂ ಪ್ರೀತಿಯ ಚೆಲುವನ್ನು ಕಂಡನು. ನಮ್ಮ ಸಾಹಿತ್ಯದೊಡನೆ ಇದನ್ನು ಹೋಲಿಸಿದರೆ ಪ್ರಯೋಜನವುಂಟು. 1209ರಲ್ಲಿ ಪೂರ್ಣಗೊಂಡ ಜನ್ನನ ಯಶೋಧರಚರಿತೆಯಲ್ಲಿ ಮಾವಟಿಗನ ಕುರೂಪವು ಅಮೃತಮತಿಯ ಮೋಹದ ಅನುಚಿತತೆಯನ್ನು ಎತ್ತಿ ತೋರಿಸುತ್ತದೆ. ಅಲ್ಲಿ ರೂಪವಿಕಾರವು ನೀತಿವಿಕಾರದ ಸಂಗಾತಿ. ಯೆಶಾಯನಲ್ಲಿ ಅದೇ ವಿಕಾರವು ನೀತಿವಂತನ ಮೈಮೇಲಿದೆ, ನೋಡಿ ಮುಖ ತಿರುಗಿಸಿದವರೇ ಅಪರಾಧಿಗಳು. ರೂಪವಿಲ್ಲದ ಚೆಲುವನಿಗೆ ಒಲಿದ ಅಕ್ಕಮಹಾದೇವಿಯ ವಚನಗಳನ್ನು ಬಲ್ಲ ಕನ್ನಡಿಗನಿಗೆ ಈ ಭಾವವು ಪೂರ್ತಿಯಾಗಿ ಪರಕೀಯವಲ್ಲ.

ಕನ್ನಡಕ್ಕೆ ಮತ್ತೊಂದು ಸೌಕರ್ಯವುಂಟು. ಗ್ರೀಕಿನ ‘ಕಲೋಸ್’ ಎಂಬ ಒಂದೇ ಪದವು ಒಳ್ಳೆಯದನ್ನೂ ಸುಂದರವಾದುದನ್ನೂ ಹೇಳುತ್ತದೆ. ಸೃಷ್ಟಿಯು ಒಳ್ಳೆಯದಾಗಿತ್ತೆಂಬಲ್ಲಿ ಸಪ್ತತಿಯು ಇದನ್ನೇ ಬಳಸಿದೆ. ಯೋಹಾನನ 10ನೆಯ ಅಧ್ಯಾಯದ ಒಳ್ಳೆಯ ಕುರುಬನಿಗೂ ಇದೇ ವಿಶೇಷಣ. ನಮ್ಮ ‘ಚೆನ್ನ’ ಶಬ್ದವು ಇದಕ್ಕೆ ಬಹು ಸಮೀಪವಾದುದು. ಬಳ್ಳಾರಿಯಲ್ಲಿ ಬೈಬಲನ್ನು ಕನ್ನಡಿಸಿದ ಹ್ಯಾಂಡ್ಸರೂ, 1841ರಲ್ಲಿ ಗದಗಿನ ಬಳಿಯ ಬೆಟಗೇರಿಯಲ್ಲಿ ಕೇಂದ್ರವನ್ನು ತೆರೆದ ಬಾಸೆಲ್ ಮಿಶನ್ನಿನವರೂ, 1894ರಲ್ಲಿ ಮಹಾಕೋಶವನ್ನು ಹೊರತಂದ ಕಿಟ್ಟೆಲರೂ ಕನ್ನಡದ ಇಂಥ ಸಂಪತ್ತಿನೊಡನೆಯೇ ದುಡಿದವರು.

1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧವಾದ ಮುಖಲೇಪವೊಂದು 2020ರಲ್ಲಿ ತನ್ನ ಹೆಸರಿನೊಳಗಿನ ಬಿಳುಪಿನ ಪದವನ್ನು ಬಿಟ್ಟಿತು. ಹೆಸರು ಬದಲಾದ ಮಾತ್ರಕ್ಕೆ ನೋಟವು ಬದಲಾಗುವುದಿಲ್ಲ. ಹಾಗೆಯೇ, ಹೊರಗಿನ ರೂಪಕ್ಕೆ ಬೆಲೆಯಿಲ್ಲ, ಒಳಗಿನ ಗುಣವೇ ಚೆಲುವು ಎಂದು ನೊಂದವಳಿಗೆ ಉಪದೇಶಿಸಿದರೂ ಸಾಲದು. ಅದರಲ್ಲಿಯೂ ‘ನೀನು ಚೆಲುವೆಯಲ್ಲ, ಆದರೂ’ ಎಂಬ ಧ್ವನಿಯೇ ಉಳಿಯುತ್ತದೆ. ಪರಮಗೀತೆಯ ನಾಯಿಕೆಯು ಇಂಥ ಸಮಾಧಾನವನ್ನು ಬೇಡಲಿಲ್ಲ. ಅವಳು ಕಪ್ಪನ್ನೂ ಹೇಳಿದಳು, ಚೆಲುವನ್ನೂ ಹೇಳಿದಳು, ನಡುವೆ ಒಂದು ‘ಮತ್ತು’ ಇಟ್ಟಳು. ತರಗತಿಯಲ್ಲಿ ಈ ಭಾಗವನ್ನೋ, ಕಾವ್ಯಗಳ ರೂಪವರ್ಣನೆಗಳನ್ನೋ ಬೋಧಿಸುವ ಉಪಾಧ್ಯಾಯರು ಆ ಅವ್ಯಯದ ಬಳಿ ಒಂದು ಕ್ಷಣ ನಿಂತು ಮುಂದುವರಿಯುವುದು ಯುಕ್ತ. ಹಿಂದಿನ ಸಾಲಿನ ಬೆಂಚಿನಲ್ಲಿ ಆ ಒಂದು ಕ್ಷಣಕ್ಕಾಗಿ ಕಾದಿರುವ ಹುಡುಗಿಯೊಬ್ಬಳು ಇದ್ದಾಳು.