ಪುಲಿ ಹುಲಿಯಾದದ್ದು ಕನ್ನಡದಲ್ಲೇ ಏಕೆ?

ಸಳ ಹುಲಿಯನ್ನು ಹೊಯ್ದ ಕಥೆ ನಾಡಿಗೆಲ್ಲ ಗೊತ್ತು. ಆದರೆ ಆ ಕಥೆಯಿಂದ ಹೆಸರು ಪಡೆದ ರಾಜವಂಶದ ಹಳೆಯ ಶಾಸನಗಳಲ್ಲಿ ಹೆಸರು 'ಪೊಯ್ಸಳ' ಎಂದಿದೆ. 'ಹೊಯ್ಸಳ' ಎಂಬುದು ಆಮೇಲಿನ ರೂಪ. ಸುಮಾರು 10ನೆಯ ಶತಮಾನದಿಂದೀಚೆಗೆ ಕನ್ನಡ ಪದಗಳ ಮೊದಲ ಪಕಾರ ಹಕಾರಕ್ಕೆ ತಿರುಗತೊಡಗಿತು. ಪಾಲ್ ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಅಪ್ಪ, ಉಪ್ಪುಗಳ ಒತ್ತಕ್ಷರ ಮಾತ್ರ ಕದಲಲಿಲ್ಲ. ಅಷ್ಟು ಕಟ್ಟುನಿಟ್ಟಾದ ಬದಲಾವಣೆಯಿದು. ಆದರೂ ತಮಿಳು, ತೆಲುಗು, ಮಲಯಾಳಗಳಲ್ಲಿ ಪುಲಿ ಇಂದಿಗೂ ಪುಲಿಯೇ, ತುಳುವಿನಲ್ಲಿ ಪಿಲಿ. ದೂರದ ಜಪಾನಿ, ಅರ್ಮೇನಿಯನ್ ಭಾಷೆಗಳೂ ಪಕಾರವನ್ನು ಹಕಾರವಾಗಿಸಿಕೊಂಡಿವೆ. ತುಟಿಗಳ ಬಿಗಿ ಸಡಿಲಿದರೆ ಹೀಗಾಗುವುದು ಸಹಜ. ಆದರೆ ಈ ಭಾಷೆಯಲ್ಲೇ, ಈ ಕಾಲದಲ್ಲೇ ಏಕೆ ಎಂಬ ಪ್ರಶ್ನೆಗೆ ಭಾಷಾವಿಜ್ಞಾನ ಇನ್ನೂ ತೃಪ್ತಿಕರ ಉತ್ತರ ಕೊಟ್ಟಿಲ್ಲ.

ದಶಮಾಂಶದ ಪಾಠ

ಕೇಯಾಸ್ ಸಿದ್ಧಾಂತದತ್ತ ಕೆಲವು ವಿದ್ವಾಂಸರ ಕಣ್ಣು ಹೊರಳಿದ್ದು ಇಂಥ ಪ್ರಶ್ನೆಗಳ ಕಾರಣಕ್ಕೇ. ಆ ಸಿದ್ಧಾಂತದ ಹೆಸರಾಂತ ನಿದರ್ಶನ ಇದು: 1961ರಲ್ಲಿ ಅಮೆರಿಕದ ಹವಾಮಾನ ತಜ್ಞರೊಬ್ಬರು ಕಂಪ್ಯೂಟರಿಗೆ 0.506127ರ ಬದಲು 0.506 ಎಂದು ಕೊಟ್ಟು ಲೆಕ್ಕವನ್ನು ಮತ್ತೆ ಓಡಿಸಿದರು. ಮೊದಮೊದಲು ಹಳೆಯ ಲೆಕ್ಕದ ಜೊತೆಗೇ ಸಾಗಿದ ಹೊಸ ಹವಾಮಾನ ಕೆಲವೇ ತಿಂಗಳಲ್ಲಿ ಗುರುತು ಸಿಗದಷ್ಟು ಬೇರೆಯಾಯಿತು. ನಿಯಮಗಳು ಖಚಿತವಾಗಿದ್ದರೂ ಭವಿಷ್ಯ ಕೈಗೆಟುಕದು ಎಂಬ ಈ ಅರಿವು ಭಾಷೆಗೂ ಒಪ್ಪುವಂತೆ ಕಾಣುತ್ತದೆ.

ಗೆರೆ ಹೇಳುವುದು, ಹೇಳದಿರುವುದು

ಆದರೆ ಒಂದು ತೊಡಕಿದೆ. ಹೊಸ ರೂಪಗಳು ಹರಡುವ ಬಗೆ ಬಹುಪಾಲು ಇಂಗ್ಲಿಷಿನ ಎಸ್ ಆಕಾರದ ಗೆರೆಯಂತೆ: ಆರಂಭ ನಿಧಾನ, ನಡುವೆ ರಭಸ, ಕೊನೆಯಲ್ಲಿ ಮತ್ತೆ ನಿಧಾನ. ಈ ಗೆರೆಯ ಹಿಂದಿರುವುದು ಜೀವಿಗಳ ಸಂಖ್ಯಾವೃದ್ಧಿಯ ಸಮೀಕರಣ. ಅದನ್ನೇ ತಲೆಮಾರಿನಿಂದ ತಲೆಮಾರಿಗೆ ಹಂತಹಂತವಾಗಿ ಲೆಕ್ಕ ಹಾಕಿ, ಬೆಳವಣಿಗೆಯ ದರವನ್ನು ಸುಮಾರು 3.57 ದಾಟಿಸಿದರೆ ಅದು ಅಂಕೆಗೆ ಸಿಗದೆ ಜಿಗಿದಾಡುತ್ತದೆ. 1976ರ ಪ್ರಬಂಧವೊಂದು ಈ ಸಂಗತಿಯನ್ನು ಜನಜನಿತಗೊಳಿಸಿತು. ಭಾಷೆಯ ಗೆರೆ ಅಂಥ ಜಿಗಿತವನ್ನು ಸಾಮಾನ್ಯವಾಗಿ ತೋರುವುದಿಲ್ಲ. ಹಾಗಾಗಿ ಹರಡುವಿಕೆಯಲ್ಲಿ ಕೇಯಾಸ್ ಹುಡುಕುವುದು ವ್ಯರ್ಥವೆಂದೇ ತೋರುತ್ತದೆ. ಅನಿಶ್ಚಿತತೆ ಇರುವುದು ಕಿಡಿ ಹತ್ತುವ ಗಳಿಗೆಯಲ್ಲಿ: ಯಾವ ಊರಿನ, ಯಾವ ಗುಂಪಿನ ಉಚ್ಚಾರವನ್ನು ಉಳಿದವರು ಅನುಕರಿಸಿದರು ಎಂಬಲ್ಲಿ.

ಪುರಾವೆಯ ಬಡತನ

ಕೇಯಾಸನ್ನು ಬರಿಯ ಆಕಸ್ಮಿಕದಿಂದ ಬೇರ್ಪಡಿಸಲು ದೀರ್ಘವಾದ, ಎಡೆಬಿಡದ ದತ್ತಾಂಶ ಬೇಕು. ನಮಗಿರುವುದು ಶಾಸನ, ಕಾವ್ಯ. ಲಿಪಿಕಾರ ಬಾಯಲ್ಲಿ ಹಕಾರ ನುಡಿದು ಕಲ್ಲಿನಲ್ಲಿ ಪಕಾರ ಕೊರೆದಿರಬಹುದು; ಬರಹ ಸಾಮಾನ್ಯವಾಗಿ ಮಾತಿಗಿಂತ ಸಂಪ್ರದಾಯಸ್ಥ. ಹವಾಮಾನಕ್ಕಿರುವಂಥ ಸಮೀಕರಣಗಳೂ ಭಾಷೆಗಿಲ್ಲ. ಆದ್ದರಿಂದ ಈ ಸಿದ್ಧಾಂತ ಸದ್ಯಕ್ಕೆ ಒಳ್ಳೆಯ ಎಚ್ಚರಿಕೆಯೇ ಹೊರತು ವಿವರಣೆಯಲ್ಲ.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಾಲು 'ಆಲು' ಆಗಿ, ಹಕಾರವೂ ಕಳಚಿಕೊಳ್ಳುತ್ತಿದೆ. ಶಾಲೆ ಅದನ್ನು ತಿದ್ದುತ್ತಲೇ ಇದೆ. ಅಶುದ್ಧವೆಂದು ನಗುವ ಮೊದಲು ಆ ಮಾತನ್ನು ಊರೂರಿನಲ್ಲಿ, ತಲೆಮಾರು ತಲೆಮಾರಾಗಿ ಧ್ವನಿಮುದ್ರಿಸಿಡುವ ಕೆಲಸ ವಿಶ್ವವಿದ್ಯಾಲಯಗಳಿಂದ ಆಗಬೇಕು.